ಹನ್ನೆರಡನೇ ಕಲ್ಲಿನ ಉಸಿರು

ಮೊದಲೇ ಹೇಳಿಬಿಡುತ್ತೇನೆ, ಇಂಥ ಅನುಭವ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತೆರಡು ವರ್ಷ ಸರ್ಕಾರಿ ನರ್ಸಾಗಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಅಂತ ಬಸ್ಸು, ಟಂಟಂ ಹತ್ತಿ ಇಳಿದವಳು ನಾನು. ಮಗುವಿಗೆ ವಾಂತಿಭೇದಿ ಹತ್ತಿದರೆ "ಗಾಳಿ ಆಗ್ಯಾದ್ರಿ ಸಿಸ್ಟರ್" ಎಂದು ತಾಯತ ಕಟ್ಟಿಸಿಕೊಂಡು ಬರುವ ತಾಯಂದಿರನ್ನು ನಾನು ಬೈದಷ್ಟು ಈ ಸೀಮೆಯಲ್ಲಿ ಬೇರೆ ಯಾರೂ ಬೈದಿರಲಿಕ್ಕಿಲ್ಲ. ಕುರಕುಂಟಾ ಊರಿನ ಒಬ್ಬ ಮುದುಕಿಯಂತೂ ನಾನು ಓಣಿಯಲ್ಲಿ ಕಾಣಿಸಿದೊಡನೆ ಮೊಮ್ಮಗಳ ಕೊರಳಿನ ತಾಯತವನ್ನು ಸೆರಗಿನಿಂದ ಮುಚ್ಚುತ್ತಿದ್ದಳು. ನೀರಿಗೆ ಉಪ್ಪು ಸಕ್ಕರೆ ಕಲಸಿ ಕುಡಿಸು, ಗಾಳಿ ತಾನೇ ಹೋಗುತ್ತದೆ ಎಂದು ಗದರಿಸುವುದು ನನ್ನ ಕೆಲಸವಾಗಿತ್ತು. ಗದರಿಸುವುದರಲ್ಲಿ ನನಗೆ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಬೇಕು ಎಂದು ನನ್ನ ಹಟವಿಲ್ಲ. ನಾನೇ ಇನ್ನೂ ನಂಬಿಲ್ಲ. ಆದರೆ ಆ ದಿನ ನಡೆದದ್ದರಿಂದ ನನ್ನ ಅಣ್ಣ ನನ್ನ ಮುಖ ನೋಡುವುದನ್ನು ಬಿಟ್ಟ. ಅದು ಮಾತ್ರ ನೂರಕ್ಕೆ ನೂರು ಖರೆ.

ಅಣ್ಣನ ಹೆಸರು ಶರಣಪ್ಪ. ನಮ್ಮ ಮೂಲ ಗುಂಡಗುರ್ತಿ. ಅಣ್ಣ ಹದಿನೆಂಟು ತುಂಬುವ ಮೊದಲೇ ಶಹಾಬಾದಿಗೆ ಬಂದು ಫರಸಿ ಕಲ್ಲು ಕೊಯ್ಯುವ ಕೆಲಸಕ್ಕೆ ಸೇರಿದ. ನಿಮ್ಮ ಮನೆಯ ನೆಲಕ್ಕೆ ಹಾಸಿರುತ್ತೀರಲ್ಲ, ಬರಿಗಾಲಿಗೆ ತಣ್ಣಗೆ ಹತ್ತುವ ಬೂದು ಕಲ್ಲು, ಅದೇ. ಮೂವತ್ತು ವರ್ಷ ಮಷಿನಿನ ಮುಂದೆ ನಿಂತು ಆ ಕಲ್ಲಿನ ಪುಡಿ ಕುಡಿದು ಅವನ ಎದೆ ಕೆಟ್ಟಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಕಲಬುರಗಿಗೆ ನಡಿ, ಎದೆ ತೋರಿಸೋಣ ಎಂದು ನಾನು ಅಂಗಲಾಚಿದ್ದಕ್ಕೆ ಲೆಕ್ಕವಿಲ್ಲ. ಅವನದು ಒಂದೇ ಮಾತು. "ದವಾಖಾನಿಗಿ ಹೋಗಿದ್ದು ಸೇಟ್ ಕಿವಿಗಿ ಬಿದ್ರ ನಾಳಿಂದ ಬರಬ್ಯಾಡ ಅಂತಾನ. ಸುಮ್ಕ ಇರು ನೀ." ನರ್ಸಿನ ಅಣ್ಣನೇ ದವಾಖಾನೆಗೆ ಬರುವುದಿಲ್ಲ ಎಂದರೆ ನನಗೆ ಎಷ್ಟು ಮರ್ಯಾದೆ ನೋಡಿ.

ಹೀಗಿರುವಾಗ ಮೂರು ವರ್ಷದ ಹಿಂದೆ ಸುನಂದಾ ಬಂದಳು. ಚಿತ್ತಾಪುರದವಳು. ಕಲಬುರಗಿಯ ಹಾಸ್ಟೆಲ್ಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು, ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದವರು. ನಾನು ಸೂಜಿ ಹಿಡಿದೆ, ಅವಳು ಬರೋಡಾಕ್ಕೆ ಹೋಗಿ ಚಿತ್ರಕಲೆ ಕಲಿತು ಹೈದರಾಬಾದಿನಲ್ಲಿ ನೆಲೆ ನಿಂತಳು. ಈಗ ಚಿತ್ರ ಬರೆಯುವುದಿಲ್ಲವಂತೆ. ಮಷಿನು, ಗಿಡ, ಮನುಷ್ಯನ ಮೈ ಮೂರನ್ನೂ ಕೂಡಿಸಿ ಏನೋ ಕಟ್ಟುತ್ತಾಳಂತೆ. ನೋಡಲು ಬಂದವರು ಮುಟ್ಟಬೇಕು, ಮುಟ್ಟಿದರೆ ಅದು ಉತ್ತರ ಕೊಡಬೇಕು. "ಇದೆಂಥಾ ಚಿತ್ರನೇ ಮಾರಾಯ್ತಿ, ಮುಟ್ಟಿದ್ರ ಮಾತಾಡೋದು?" ಎಂದು ನಕ್ಕೆ. ಅವಳು ನಗಲಿಲ್ಲ. ಚೀಲದಿಂದ ಒಂದು ಸ್ಟೆಥೊಸ್ಕೋಪ್ ತೆಗೆದಳು. ಅದರ ನಳಿಕೆಗೆ ಹುಣಸೆ ಬೀಜದಷ್ಟು ಮೈಕು, ಮೈಕಿನಿಂದ ಮೊಬೈಲಿಗೆ ತಂತಿ. ಕಲ್ಲಿನ ಕೆಲಸದವರ ಉಸಿರಿನ ಸದ್ದು ಅವಳಿಗೆ ಬೇಕಾಗಿತ್ತು.

ನಾನು ಒಲ್ಲೆ ಎಂದೆ. ಆಗ ಅವಳು ನನ್ನ ಕೈ ಹಿಡಿದು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಹೈದರಾಬಾದನ್ಯಾಗ ನನಗ ಗೊತ್ತಿರೋ ದೊಡ್ಡ ಎದಿ ಡಾಕ್ಟರ್ ಅದಾರ. ಒಂದೊಂದು ಉಸಿರೂ ಅವರಿಗೆ ಕೇಳಸ್ತೀನಿ, ರಿಪೋರ್ಟ್ ಬರಸ್ತೀನಿ. ಇವರ್ಯಾರೂ ದವಾಖಾನಿಗಿ ಹೋಗೋದೂ ಬ್ಯಾಡ, ಸೇಟ್‌ಗೆ ಗೊತ್ತಾಗೋದೂ ಬ್ಯಾಡ. ಖರೇ, ನಿನ್ನಾಣೆ." ನಾನು ಕರಗಿದ್ದು ಅಲ್ಲೇ. ನನ್ನ ಕಣ್ಣ ಮುಂದೆ ಬಂದದ್ದು ಅಣ್ಣ. ಅವನು ಮನೆ ಬಿಟ್ಟು ಕದಲದೆ ಅವನ ಎದೆಯನ್ನು ದೊಡ್ಡ ಡಾಕ್ಟರಿಗೆ ಕೇಳಿಸಬಹುದಲ್ಲ! ಇಷ್ಟು ವರ್ಷ ಸಿಗದ ದಾರಿ ಹಾಸ್ಟೆಲ್ಲಿನ ಗೆಳತಿಯ ಚೀಲದಲ್ಲಿ ಸಿಕ್ಕಿತೆಂದು ನಾನು ಕುಣಿಯುವುದೊಂದು ಬಾಕಿ.

ಮರುದಿನದಿಂದ ಊಟದ ಬಿಡುವಿನಲ್ಲಿ ಕಲ್ಲಿನ ಶೆಡ್ಡುಗಳಿಗೆ ಹೋದೆ. ನಾನು ಅವರಿಗೆ ಗುರುತಿನವಳು, ಅವರ ಮಕ್ಕಳಿಗೆ ಸೂಜಿ ಚುಚ್ಚಿದವಳು. ಕೊರಳಲ್ಲಿ ಸ್ಟೆಥೊಸ್ಕೋಪ್ ಕಂಡದ್ದೇ ಅಂಗಿ ಬಿಚ್ಚಿ ಸಾಲು ನಿಂತರು. "ಉಸಿರು ತಗೋರಿ, ಬಿಡ್ರಿ, ತಗೋರಿ, ಬಿಡ್ರಿ" ಎಂದು ಒಬ್ಬೊಬ್ಬರಿಗೂ ಒಂದು ನಿಮಿಷ. ಮಾತಾಡಕೂಡದು, ಕೆಮ್ಮು ಬಂದರೂ ತಡೆಯಬೇಕು. ಅವರಲ್ಲಿ ಹಿರಿಯ ಖಾಜಾಸಾಬ್. ಅವನು ಮೈಕನ್ನು ತಿರುಗಿಸಿ ಮುರುಗಿಸಿ ನೋಡಿ ಉಳಿದವರಿಗೆ ವಿವರಿಸಿದ. "ಎದಿ ಫೋಟೋ ತೆಗಿಯೋ ಹೊಸಾ ಮಷಿನ್ ಅದ ಇದು. ಕಲಬುರ್ಗಿಗಿ ಹೋಗಿ ಬಟ್ಟಿ ಬಿಚ್ಚಿ ನಿಂದ್ರೋ ಜರೂರತ್ ಇಲ್ಲ. ಸಿಸ್ಟರ್ ಇಲ್ಲೇ ಫೋಟೋ ತಗೊಂಡ್ರು!"

ನಮ್ಮ ಕಡೆ ಎಕ್ಸ್‌ರೇಗೆ ಫೋಟೋ ಎನ್ನುತ್ತಾರೆ. ಅವರು ತಿಳಿದದ್ದು ಹಾಗೆ. ಇದು ಫೋಟೋ ಅಲ್ಲ, ಬರೀ ಸದ್ದು, ಕೇಳುವ ಡಾಕ್ಟರು ಸಿಗಬೇಕು, ಸಿಕ್ಕ ಮೇಲೆ ಅವರು ಏನಾದರೂ ಹೇಳಬೇಕು ಎಂದು ನಾನು ಆಗಲೇ ಬಿಡಿಸಿ ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದರೆ ಅಂಗಿ ತೊಟ್ಟುಕೊಂಡು ಹೋಗಿಬಿಡುತ್ತಾರೆ ಎಂದು ಹೆದರಿದೆ. ಹೇಗೂ ರಿಪೋರ್ಟ್ ಬರುತ್ತದಲ್ಲ, ಫೋಟೋ ಅಂದುಕೊಂಡರೆ ಏನಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಬೇರೆಯವರಿಗೆ ತಿಳಿವಳಿಕೆ ಹೇಳುವುದೇ ನೌಕರಿಯಾದ ನಾನು ಮಾಡಿದ ಕೆಲಸ ಇದು. ಹೀಗೆ ಹನ್ನೊಂದು ಜನರ ಉಸಿರು ಮೊಬೈಲಿನಲ್ಲಿ ಕೂತಿತು.

ಹನ್ನೆರಡನೆಯವನು ಅಣ್ಣ ಆಗಬೇಕಿತ್ತು. ಅವನು ಅಂಗಿಯ ಗುಂಡಿ ಬಿಚ್ಚಲಿಲ್ಲ. ಮನೆಯಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ ನಾಗಮ್ಮ, ಜೋಳದ ಹಿಟ್ಟು ನಾದುತ್ತ ನನ್ನ ಪರವಾಗಿಯೇ ಮಾತಾಡಿದರು. "ತಂಗಿ ಇಷ್ಟ್ ಹೇಳ್ಲಿಕತ್ತಾಳ, ಒಂದ್ ಸಲ ತೋರಸಬಾರದೇನು?" ಅಣ್ಣ ಸಿಟ್ಟಾಗಲಿಲ್ಲ. ನನ್ನ ಕೈಯಲ್ಲಿದ್ದ ಮೈಕನ್ನು ಮೆಲ್ಲಗೆ ಸರಿಸಿ ಹೇಳಿದ. "ಬ್ಯಾಡವಾ. ಒಮ್ಮಿ ಮಷಿನ್‌ನ್ಯಾಗ ಹೋದ್ರ ಅದು ಯಾರ್ ಯಾರ್ ಬಲ್ಲಿ ಹೋಗ್ತದೋ. ನನ್ನ ಉಸಿರು ನನ್ನ ಬಲ್ಲೇ ಇರಲಿ. ನಾ ಬ್ಯಾಡ ಅಂದ ಮ್ಯಾಲ ತಗೋಬ್ಯಾಡ." ಆಯಿತಣ್ಣಾ, ತಗೊಳ್ಳುವುದಿಲ್ಲ ಎಂದು ಮಾತು ಕೊಟ್ಟೆ. ದೇವರಾಣೆಗೂ ತೆಗೆದುಕೊಳ್ಳಲಿಲ್ಲ. ಆ ಯಂತ್ರವನ್ನು ಅದೇ ಸಂಜೆ ಸುನಂದಾಳಿಗೆ ವಾಪಸು ಕೊಟ್ಟೆ. ಅಣ್ಣನ ಹಟದ ಬಗ್ಗೆ ಅವಳ ಮುಂದೆ ಬೇಸರದಿಂದ ಹೇಳಿಕೊಂಡದ್ದೂ ನಿಜ. ಅವಳು ಕೇಳಿಸಿಕೊಂಡು "ಪಾಪ" ಎಂದಳಷ್ಟೆ.

ಆಮೇಲೆ ಶುರುವಾಯಿತು ನನ್ನ ಪಾಡು. ಶಹಾಬಾದಿನ ಬಸ್‌ಸ್ಟ್ಯಾಂಡು, ಸಂತೆ, ರೇಷನ್ ಅಂಗಡಿ, ಎಲ್ಲಿ ನಿಂತರೂ ಯಾರಾದರೊಬ್ಬರು ಹತ್ತಿರ ಬಂದು "ಸಿಸ್ಟರ್, ಫೋಟೋ ಬಂತೇನ್ರಿ?" ಎನ್ನುವುದು. ಖಾಜಾಸಾಬನಂತೂ ಮಗಳ ಮದುವೆ ಓಡಾಟದ ನಡುವೆಯೂ ವಾಡಿಯ ನಮ್ಮ ಮನೆ ಬಾಗಿಲಿಗೆ ಬಂದು ಕೇಳಿ ಹೋದ. ನಾನು ಸುನಂದಾಳಿಗೆ ಫೋನ್ ಮಾಡುವುದು, ಅವಳು "ಡಾಕ್ಟರ್ ಫಾರಿನ್‌ಗೆ ಹೋಗ್ಯಾರ", "ಕೇಳ್ಲಿಕತ್ತಾರ", "ಮುಂದಿನ ವಾರ" ಎನ್ನುವುದು. ಆರು ತಿಂಗಳು ಹೀಗೇ ಹೋಯಿತು. ಒಂದು ದಿನ ಅವಳೇ ಫೋನ್ ಮಾಡಿ, ಶಹಾಬಾದಿನಲ್ಲೇ ಕಾರ್ಯಕ್ರಮ ಇಟ್ಟಿದ್ದೇನೆ, ಭಾನುವಾರ ಮಧ್ಯಾಹ್ನ, ನೀನು ಬರಲೇಬೇಕು, ನಿನಗೊಂದು ಆಶ್ಚರ್ಯ ಕಾದಿದೆ ಎಂದಳು. ನಾನು ಮಳ್ಳಿ! ರಿಪೋರ್ಟ್ ಕೈಯಲ್ಲಿ ಕೊಡುತ್ತಾಳೆ ಎಂದುಕೊಂಡೆ. ವೈನಿಯನ್ನೂ ಜೊತೆಗೆ ಕರೆದೆ, ಡಾಕ್ಟರು ಬಂದಿದ್ದರೆ ಅಣ್ಣನ ವಿಷಯ ಅವರ ಬಾಯಿಂದಲೇ ಹೇಳಿಸೋಣ ಎಂದು. ಅಣ್ಣ ಅಂದು ಊರಲ್ಲಿರಲಿಲ್ಲ. ಗುಂಡಗುರ್ತಿಯಲ್ಲಿ ಚಿಕ್ಕಪ್ಪನ ಮೊಮ್ಮಗುವಿಗೆ ಹೆಸರಿಡುವುದಿತ್ತು, ಅಲ್ಲಿಗೆ ಹೋಗಿದ್ದ.

ಕಾರ್ಯಕ್ರಮವಿದ್ದದ್ದು ಊರ ಹೊರಗೆ, ವಾಡಿ ರಸ್ತೆಯ ಮುಚ್ಚಿದ ಕಲ್ಲು ಪಾಲಿಶ್ ಶೆಡ್ಡಿನಲ್ಲಿ. ಶೆಡ್ಡಿನ ಮಾಲಕ ಬೇರೆ ಯಾರೂ ಅಲ್ಲ, ಅಣ್ಣ ಕೆಲಸ ಮಾಡುವ ಕಾರ್ಖಾನೆಯ ಸೇಟ್. ಅವನೂ ಬಿಳಿ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಒಳಗೆ ಕಲಬುರಗಿ, ಹೈದರಾಬಾದ್ ಕಡೆಯ ಜನ. ತಗಡಿನ ಸಂದಿಯಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ನೆಲದ ಮೇಲೆ ಆಳೆತ್ತರದ ಫರಸಿ ಕಲ್ಲುಗಳನ್ನು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ ನಿಲ್ಲಿಸಿದ್ದರು. ಒಂದೊಂದು ಕಲ್ಲಿನ ಪಕ್ಕಕ್ಕೂ ಒಂದು ಎಕ್ಕದ ಗಿಡ, ಕುಂಡದಲ್ಲಿ. ಗಣಿಯ ಕಲ್ಲುಪುಡಿಯ ಗುಡ್ಡೆಗಳ ಮೇಲೆ ತಾನಾಗಿ ಬೆಳೆಯುವ ಗಿಡವನ್ನೇ ಕಿತ್ತು ತಂದು ಇಟ್ಟಿದ್ದಳು. ಕಲ್ಲಿನ ಮೇಲೆ ಅಂಗೈ ಇಟ್ಟರೆ ನಿಮ್ಮ ನಾಡಿ ಬಡಿದಂತೆ ಕುಂಡದೊಳಗೆ ಕೆಂಪು ದೀಪ ಮಿಣುಕುತ್ತದೆ, ಸಣ್ಣ ಫ್ಯಾನು ತಿರುಗಿ ಎಕ್ಕದ ಎಲೆ ನಡುಗುತ್ತದೆ, ಕಲ್ಲಿನ ಒಳಗಿಂದ ಮನುಷ್ಯನ ಉಸಿರು ಕೇಳುತ್ತದೆ. ಚೆನ್ನಾಗಿಲ್ಲ ಎಂದು ನಾನು ಹೇಳಲಾರೆ. ಮೊದಲ ಕಲ್ಲಿಗೆ ಕೈ ಇಟ್ಟಾಗ ನನ್ನ ಮೈಮೇಲೂ ಮುಳ್ಳೆದ್ದವು.

ಮೂರನೇ ಕಲ್ಲು ಖಾಜಾಸಾಬನದು. ಉಸಿರಿನ ಕೊನೆಗೆ ಅವನು ಗಂಟಲಲ್ಲಿ ತಡೆಹಿಡಿದ ಕೆಮ್ಮು ನನಗೆ ಗುರುತು ಸಿಕ್ಕಿತು. ಅದಕ್ಕೆ ಕೈಯಿಟ್ಟು ನಿಂತಿದ್ದ ಇಬ್ಬರು ಹುಡುಗಿಯರು ಮೊಬೈಲಿನಲ್ಲಿ ತಮ್ಮ ಫೋಟೋ ತೆಗೆದುಕೊಳ್ಳುತ್ತಿದ್ದರು. ಸುನಂದಾಳನ್ನು ಹುಡುಕಿ, ರೆಟ್ಟೆ ಹಿಡಿದು, ರಿಪೋರ್ಟ್ ಎಲ್ಲಿ ಎಂದು ಕೇಳಿದೆ. ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. ಡಾಕ್ಟರಿಗೆ ಪುರುಸೊತ್ತಾಗಲಿಲ್ಲ, ಕಳಿಸಬೇಕೆಂದರೂ ಆಗಲಿಲ್ಲ ಎಂದಳು. ಎಷ್ಟು ಕಳಿಸಿದ್ದೆ ಎಂದೆ. ಒಂದನ್ನೂ ಕಳಿಸಿರಲಿಲ್ಲ. "ಅಲ್ಲವೇ, ಡಾಕ್ಟರ್ ಆದ್ರ ಒಬ್ಬಾತ ಕೇಳ್ತಿದ್ದ. ಈಗ ನೋಡು, ಇಷ್ಟ್ ಮಂದಿ ಕೇಳ್ಲಿಕತ್ತಾರ. ಇವರ ಕಷ್ಟ ಎಲ್ಲರಿಗೂ ಮುಟ್ಟತದ" ಎಂದು ನನ್ನ ಭುಜ ತಟ್ಟಿದಳು.

ಧೋಕಾ ಎಂಬ ಮಾತನ್ನು ಎಷ್ಟು ಸಲ ಬಾಯಲ್ಲಿ ಆಡಿದ್ದೇನೋ. ಅದು ಎದೆಗೆ ಹೀಗೆ ನಾಟುತ್ತದೆ ಎಂದು ತಿಳಿದದ್ದು ಆವಾಗಲೇ. ನನ್ನ ಕೈ ಮೇಲೆ ಆಣೆ ಇಟ್ಟವಳು! ಅವಳಿಗೆ ಏನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಶೆಡ್ಡಿನ ಮೂಲೆಯಿಂದ ವೈನಿಯ ದನಿ ಬಂತು, ನನ್ನನ್ನು ಅವರು ಬಾಯಿ ಎಂದೇ ಕರೆಯುವುದು. "ಬಾಯಿ, ಇಲ್ಲಿ ಬಾ. ಜಲ್ದಿ ಬಾ."

ವೈನಿ ನಿಂತದ್ದು ಕಡೆಯ ಕಲ್ಲಿನ ಮುಂದೆ, ಹನ್ನೆರಡನೆಯದು. ಎರಡೂ ಅಂಗೈಗಳನ್ನು ಕಲ್ಲಿಗೆ ಒತ್ತಿ, ಕಿವಿಯನ್ನೂ ಒತ್ತಿ ನಿಂತಿದ್ದರು. ಮುಖ ಬಿಳಿಚಿತ್ತು. ನನ್ನ ಕಡೆ ತಿರುಗಿ ಅವರು ಹೇಳಿದ್ದು ದೊಡ್ಡ ದನಿಯಲ್ಲೇನಲ್ಲ, ಆದರೆ ಶೆಡ್ಡು ತಗಡಿನದು, ಎಲ್ಲರಿಗೂ ಕೇಳಿಸಿತು. "ಇದು ನಮ್ಮನಿಯವರ ಉಸಿರು. ಶರಣಪ್ಪಂದು."

ಇಲ್ಲ ವೈನಿ, ಅಣ್ಣಂದು ನಾನು ತಗೊಂಡೇ ಇಲ್ಲ ಎನ್ನುತ್ತ ನಾನೂ ಕೈ ಇಟ್ಟೆ. ಕೇಳಿಸಿತು. ಅಣ್ಣನ ಉಸಿರನ್ನು ಗುರುತಿಸಲು ಸ್ಟೆಥೊಸ್ಕೋಪ್ ಬೇಕಿಲ್ಲ, ಒಂದು ರಾತ್ರಿ ಅವನ ಮನೆಯಲ್ಲಿ ಮಲಗಿದ್ದರೆ ಸಾಕು. ಮೂರು ಉಸಿರು ಸಾಮಾನ್ಯವಾಗಿ ಬರುತ್ತವೆ. ನಾಲ್ಕನೆಯದು ಅರ್ಧಕ್ಕೆ ತಡೆದು, ರಬ್ಬರ್ ಸವೆದ ಕುಕ್ಕರಿನ ಹಾಗೆ ಸಣ್ಣಗೆ ಸೀಟಿ ಹಾಕಿ, ಆಮೇಲೆ ಒಮ್ಮೆಲೇ ಹೊರಗೆ ಬೀಳುತ್ತದೆ. ಆ ತಡೆಯುವ ಹೊತ್ತಿನಲ್ಲಿ ವೈನಿಗೆ ಎಚ್ಚರವಾಗುತ್ತದೆ, ಉಸಿರು ಬಿದ್ದ ಮೇಲೆ ಮತ್ತೆ ನಿದ್ದೆ. ಇಪ್ಪತ್ತೆಂಟು ವರ್ಷ ಹಾಗೇ ಮಲಗಿದವರು ಅವರು. ಕಲ್ಲಿನಿಂದ ಬಂದದ್ದು ಅದೇ. ಮೂರು, ಆಮೇಲೆ ಸೀಟಿ. ಮತ್ತೆ ಮೂರು, ಮತ್ತೆ ಸೀಟಿ. ಪಕ್ಕದ ಎಕ್ಕದ ಎಲೆ ಅಲುಗಿದಂತೆಯೂ ಕಂಡಿತು, ಆದರೆ ಅದು ತಗಡಿನ ಸಂದಿಯ ಗಾಳಿಯೂ ಇರಬಹುದು, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸುನಂದಾ ಓಡಿ ಬಂದಳು. ಅವಳ ಮುಖದಲ್ಲಿ ಗಾಬರಿಗಿಂತ ಸಿಟ್ಟು ಹೆಚ್ಚಿತ್ತು. ಈ ಕಲ್ಲು ಮಾತಾಡುವುದೇ ಇಲ್ಲ, ಇದು ಮೂಕ ಕಲ್ಲು ಎಂದಳು. ಉಸಿರು ಕೊಡಲು ಒಪ್ಪದ ಒಬ್ಬನ ಹೆಸರಿನಲ್ಲಿ ಸುಮ್ಮನೆ ನಿಲ್ಲಿಸಿದ್ದಳಂತೆ, ನಾನು ಅವಳೊಬ್ಬಳ ಮುಂದೆ ಮಾತ್ರ ಹೇಳಿಕೊಂಡ ನನ್ನ ಅಣ್ಣನ ಹೆಸರಿನಲ್ಲಿ! ನೋಡಲು ಬಂದವರಿಗೆಲ್ಲ ಅವಳು ಆ ಕಥೆಯನ್ನೂ ಹೇಳುತ್ತಿದ್ದಳೆಂದು ಆಮೇಲೆ ತಿಳಿಯಿತು. ಅವಳೇ ಚೌಕಟ್ಟಿನ ಹಿಂದೆ ಹೋಗಿ ತೋರಿಸಿದಳು. ಉಳಿದ ಹನ್ನೊಂದು ಕಲ್ಲುಗಳ ಬೆನ್ನಿಗೆ ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆ, ಅದರಿಂದ ಮೇಜಿನ ಕಂಪ್ಯೂಟರಿಗೆ ವೈರು. ಇದರ ಬೆನ್ನಿಗೆ ಏನೂ ಇಲ್ಲ. ಬೋಳು ಕಲ್ಲು. ಕುಂಡದಲ್ಲಿ ದೀಪವಿಲ್ಲ, ಫ್ಯಾನಿಲ್ಲ. ನಾನು ಮೊಣಕಾಲೂರಿ ಚೌಕಟ್ಟಿನ ಕೆಳಗೂ ಕೈಯಾಡಿಸಿದೆ. ಕಲ್ಲುಪುಡಿ ಮಾತ್ರ ಕೈಗೆ ಹತ್ತಿತು. ಪಕ್ಕದ ಕಲ್ಲಿನ ಸದ್ದು ಇದಕ್ಕೆ ಹರಿದಿರಬೇಕು ಎಂದು ಒಬ್ಬರು ಹೇಳಿದರು. ಸುನಂದಾ ಕಂಪ್ಯೂಟರನ್ನೇ ಬಂದ್ ಮಾಡಿದಳು. ಹನ್ನೊಂದು ಕಲ್ಲುಗಳೂ ಸುಮ್ಮನಾದವು. ವೈನಿಯ ಮತ್ತು ನನ್ನ ಅಂಗೈ ಕೆಳಗೆ ಉಸಿರು ಇನ್ನೂ ನಡೆದಿತ್ತು. ಮೂರು, ಆಮೇಲೆ ಸೀಟಿ.

ಸುನಂದಾ ಕೈ ಇಟ್ಟಳು. ತನಗೇನೂ ಕೇಳುತ್ತಿಲ್ಲ ಎಂದಳು. ಅವಳು ಖರೆ ಹೇಳಿದಳೋ ಸುಳ್ಳೋ ನನಗೆ ಗೊತ್ತಿಲ್ಲ, ಅವಳ ಯಾವ ಮಾತನ್ನೂ ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸೇಟ್ ಮುಂದೆ ಬಂದು ಅಂಗೈ ಒತ್ತಿದ. ತುಸು ಹೊತ್ತು ಕಣ್ಣು ಮುಚ್ಚಿ ನಿಂತ. ಕೈ ತೆಗೆದು, ಕರವಸ್ತ್ರದಿಂದ ಒರೆಸಿಕೊಂಡು, ವೈನಿಯನ್ನು ಕೇಳಿದ. "ಶರಣಪ್ಪನ ಎದಿ ಇಷ್ಟ್ ಖರಾಬ್ ಆಗ್ಯಾದೇನು?" ಆಮೇಲೆ ನಾವು ಕೈ ಇಟ್ಟಾಗ ಕಲ್ಲು ಕಲ್ಲಾಗಿತ್ತು.

ಹೊರಗೆ ಬಂದೊಡನೆ ನನ್ನ ಮೊದಲ ಕೆಲಸ ಗುಂಡಗುರ್ತಿಗೆ ಫೋನ್ ಮಾಡಿದ್ದು. ನಿಮಗೂ ಅನಿಸಿರಬಹುದು, ನನಗೂ ಅದೇ ಭಯ. ಅಣ್ಣ ಆರಾಮಾಗಿದ್ದ. ಮಗುವಿಗೆ ಹೆಸರಿಟ್ಟಾಗಿತ್ತು, ಹೋಳಿಗೆ ಉಂಡು ಒಂದು ಗಳಿಗೆ ಕಣ್ಣು ಮುಚ್ಚಿದ್ದನಂತೆ. ನನಗೆ ಜೀವ ಬಂದಂತಾಯಿತು. ಆದರೆ ವೈನಿ ಟಂಟಂನಲ್ಲಿ ನನ್ನ ಪಕ್ಕ ಕೂರಲಿಲ್ಲ. ಮನೆ ಬಾಗಿಲಲ್ಲಿ ಇಳಿದು ಒಂದೇ ಮಾತು ಹೇಳಿದರು. "ಪಂಚಮಿಗಿ ಬಂದು ಮಕ್ಕೊಂಡಿದ್ದಿ ಅಲ್ಲ, ಅವತ್ತೇ ತಗೊಂಡಿ. ಬ್ಯಾಡ ಅಂದಿದ್ರಲ್ಲ ಬಾಯಿ ಅವರು. ನಿದ್ದಿ ಹತ್ತಿದವರ ಉಸಿರು ಕದ್ದಿಯಲ್ಲ."

ಯಂತ್ರವನ್ನು ಅದಕ್ಕೂ ಮೊದಲೇ ವಾಪಸು ಕೊಟ್ಟಿದ್ದೆ ಎಂದು ನಾನು ಎಷ್ಟು ಅತ್ತು ಕರೆದರೂ ಅವರು ನಂಬಲಿಲ್ಲ. ಯಾಕೆ ನಂಬಬೇಕು? ಆಚೆ ಹನ್ನೊಂದು ಜನಕ್ಕೆ ಸುಳ್ಳು ಹೇಳಿ ಉಸಿರು ತೆಗೆದುಕೊಂಡದ್ದು ಅವರಿಗೆ ಆಗಲೇ ತಿಳಿದಿತ್ತು. ಹನ್ನೆರಡನೆಯದು ಮಾತ್ರ ನಾನಲ್ಲ ಎಂದರೆ ಯಾರು ಕೇಳುತ್ತಾರೆ! ವಾರ ತುಂಬುವುದರೊಳಗೆ ಸೇಟ್ ಅಣ್ಣನನ್ನು ಕರೆಸಿ, ಮನೆಯಲ್ಲಿ ಆರಾಮ ಮಾಡು, ಬೇಕಾದಾಗ ಹೇಳಿ ಕಳಿಸುತ್ತೇನೆ ಎಂದ. ಹೇಳಿ ಕಳಿಸಲಿಲ್ಲ. ಅಣ್ಣ ಯಾವುದಕ್ಕೆ ಹೆದರಿ ನನ್ನ ಕೈ ಸರಿಸಿದ್ದನೋ ಅದೇ ಆಯಿತು, ನನ್ನ ಕೈಯಿಂದಲೇ ಆಯಿತು ಎಂದು ಅವನು ತಿಳಿದ.

ಹನ್ನೊಂದು ಮನೆಗಳಿಗೂ ನಾನು ಹೋದೆ. ಅದು ಫೋಟೋ ಅಲ್ಲ, ಯಾವ ಡಾಕ್ಟರೂ ಕೇಳಿಲ್ಲ, ರಿಪೋರ್ಟ್ ಬರುವುದಿಲ್ಲ, ತಪ್ಪು ನನ್ನದು ಎಂದು ನಿಂತು ಹೇಳಿದೆ. ಕೆಲವರಿಗೆ ಅರ್ಥವೇ ಆಗಲಿಲ್ಲ. ಒಬ್ಬನ ಹೆಂಡತಿ ಬಾಗಿಲು ಹಾಕಿಕೊಂಡಳು. ಖಾಜಾಸಾಬ್ ಮಾತ್ರ ಕುರ್ಚಿ ಹಾಕಿ ಚಹಾ ಕೊಟ್ಟ. ಅದು ಇನ್ನೂ ಕಷ್ಟವಾಯಿತು. "ನಿಮಗೂ ಧೋಕಾ ಮಾಡ್ಯಾಳ ಆಕಿ, ನಿಮ್ಮ ತಪ್ಪೇನದರಿ" ಎಂದ. ನನ್ನ ತಪ್ಪು ಏನೆಂದು ನನಗೆ ಗೊತ್ತಿತ್ತು. ಸುನಂದಾ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಆಮೇಲೆ ಹೈದರಾಬಾದಿನಲ್ಲಿ ಅದೇ ಕಲ್ಲುಗಳನ್ನು ನಿಲ್ಲಿಸಿದಾಗ ಹನ್ನೆರಡನೆಯದಕ್ಕೂ ಪೆಟ್ಟಿಗೆ ಕಟ್ಟಿ ಯಾರದೋ ಉಸಿರು ತುಂಬಿದ್ದಳಂತೆ, ನೋಡಿದವರೊಬ್ಬರು ಹೇಳಿದರು. ಹಾಗಾದರೆ ನಮ್ಮಲ್ಲಿಯೂ ಅವಳೇ ಏನೋ ಕೈಚಳಕ ಮಾಡಿದಳೇ? ಬಹಳ ದಿನ ಹಾಗೇ ನಂಬಲು ನೋಡಿದೆ. ಆದರೆ ಅಣ್ಣನ ಉಸಿರು ಅವಳಿಗೆ ಸಿಗುವುದೆಲ್ಲಿಂದ? ಅವಳು ಅವನ ಮುಖವನ್ನೇ ನೋಡಿದವಳಲ್ಲ. ಮೊಬೈಲಿನಿಂದ ಹಿಡಿದು ಕಲ್ಲಿನ ತನಕ ನೂರು ಸಲ ಲೆಕ್ಕ ಹಾಕಿದ್ದೇನೆ, ತಾಳೆಯಾಗುವುದಿಲ್ಲ. ಬೇರೆಯವರು ಹೇಳಿದ್ದರೆ ಭ್ರಮೆ ಎನ್ನುತ್ತಿದ್ದೆ. ಭ್ರಮೆಯಾದರೆ ಸೇಟಿಗೂ ಹೇಗೆ ಕೇಳಿಸಿತು?

ಮುಂದಿನ ನಾಗರ ಪಂಚಮಿಗೆ ಅಣ್ಣ ನನ್ನನ್ನು ಕರೆಯಲು ಬರಲಿಲ್ಲ. ನನ್ನ ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು, ಮಳೆ ಬರಲಿ ಬಿಸಿಲಿರಲಿ, ವಾಡಿಗೆ ಬಂದು "ನಡಿ ತಂಗಿ" ಎಂದು ಕರೆದೊಯ್ಯದ ಪಂಚಮಿ ಒಂದೂ ಇರಲಿಲ್ಲ. ಹಬ್ಬದ ಮುನ್ನಾದಿನ ಮಧ್ಯಾಹ್ನದ ತನಕ ಬಾಗಿಲು ನೋಡಿದೆ. ಆಮೇಲೆ ತಡೆಯಲಾಗದೆ, ಕರೆಯದಿದ್ದರೂ ಸರಿ, ಹಬ್ಬದ ಉಂಡಿ ಕಟ್ಟಿಕೊಂಡು ನಾನೇ ಹೋದೆ.

ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಬಹಳ ಇಳಿದುಹೋಗಿದ್ದ. ಹೋಗು ಎನ್ನಲಿಲ್ಲ, ಬಾ ಎನ್ನಲಿಲ್ಲ. ನಾನು ಕೆಳಗೆ ಮೆಟ್ಟಿಲ ಮೇಲೆ ಕೂತೆ. ಅವನೇ ಮಾತು ತೆಗೆದ. "ತಂಗಿ, ಒಂದ್ ಮಾತ್ ಕೇಳ್ತೀನಿ. ನಾ ನಿದ್ದಿ ಹತ್ತಿದಾಗ ನೀ ತಗೊಂಡಿದ್ರ ತಗೊಂಡೆ ಅಂತ ಹೇಳಿಬಿಡು. ಮಾಫ್ ಮಾಡ್ತೀನಿ. ನೀ ನಂಗ್ ಚೊಲೋ ಆಗಲಂತೇ ಮಾಡಿರ್ತಿ, ನಂಗ್ ಗೊತ್ತದ."

ಇಲ್ಲಣ್ಣಾ ಎನ್ನಲು ಬಾಯಿ ತೆರೆದೆ. ಅವನು ಕೈ ಎತ್ತಿ ತಡೆದ.

"ತಗೊಂಡಿಲ್ಲ ಅಂತ ಮಾತ್ರ ಅನಬ್ಯಾಡವಾ. ನೀ ತಗೊಂಡಿಲ್ಲ ಅಂದ್ರ ನನ್ನ ಉಸಿರು ಅಲ್ಲಿಗಿ ಹ್ಯಾಂಗ್ ಹೋಯ್ತು? ನಾ ಜೀವಂತ ಇದ್ದಾಗೇ ಅದು ನನ್ನ ಬಿಟ್ಟು ತಿರಗಾಡ್ಲಿಕತ್ತದೇನು? ಅದೇ ಫಿಕರ್‌ನ್ಯಾಗ ಕಣ್ಣಿಗಿ ಕಣ್ಣು ಹತ್ತವಲ್ಲದು."

ಅವನು ಸಿಟ್ಟಿನಿಂದ ಮಾತು ಬಿಟ್ಟಿದ್ದಾನೆಂದು ನಾನು ಇಷ್ಟು ದಿನ ತಿಳಿದಿದ್ದೆ. ಅವನು ಹೆದರಿದ್ದ. ಗಾಳಿ, ಸೋಂಕು ಎಂದವರನ್ನೆಲ್ಲ ಊರೂರಿಗೆ ಹೋಗಿ ಬೈದು ಬಂದ ನನಗೆ, ನನ್ನ ಅಣ್ಣನಿಗೆ ಹೇಳಲು ಒಂದು ಮಾತೂ ಇರಲಿಲ್ಲ. ನಿಜ ಹೇಳಿದರೆ ಅವನು ಆ ಹೆದರಿಕೆಯಲ್ಲೇ ಹೋಗಿಬಿಡುತ್ತಾನೆ. ಒಳಗೆ ವೈನಿ ಪಾತ್ರೆ ತೊಳೆಯುವ ಸದ್ದು ನಿಂತಿತ್ತು, ಅವರೂ ಕಿವಿಗೊಟ್ಟಿದ್ದರು.

"ಹೂಂ ಅಣ್ಣಾ, ನಾನೇ ತಗೊಂಡೆ. ನೀ ಮಕ್ಕೊಂಡಾಗ" ಎಂದೆ.

ಅಣ್ಣ ದೊಡ್ಡ ಉಸಿರು ಬಿಟ್ಟ. ಕಣ್ಣೊರೆಸಿಕೊಂಡ. "ಹುಚ್ಚಿ, ಮದ್ಲೇ ಹೇಳಬಾರದಾ" ಎಂದು ನನ್ನ ತಲೆಯ ಮೇಲೆ ಕೈ ಇಟ್ಟ. ವೈನಿ ಹೊರಗೆ ಬಂದು ನನ್ನ ಮುಂದೆ ನೀರಿನ ತಂಬಿಗೆ ಇಟ್ಟರು. ನಾನು ಆ ಗಳಿಗೆಯನ್ನು ಬಿಡಲಿಲ್ಲ. ಕಲಬುರಗಿಗೆ ಬರುತ್ತೀಯಾ ಎಂದೆ. ಈಗ ಸೇಟಿಗೆ ತಿಳಿಯುವುದು ಏನು ಉಳಿದಿದೆ, ನಡಿ ಎಂದ.

ಹಬ್ಬ ಮುಗಿದ ಮೂರನೇ ದಿನ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು, ನಿಧಾನಸ್ಥರು. ಅಣ್ಣನ ಬೆನ್ನಿಗೆ ಸ್ಟೆಥೊಸ್ಕೋಪ್ ಹಚ್ಚಿ ತಗೊಳ್ಳಿ, ಬಿಡಿ ಎನ್ನುತ್ತ ಬಹಳ ಹೊತ್ತು ಕೇಳಿದರು. ಇಷ್ಟು ವರ್ಷ ಯಾಕೆ ಬಿಟ್ಟಿರಿ, ಮೊದಲು ಯಾರಾದರೂ ಎದೆ ನೋಡಿದ್ದಾರಾ ಎಂದರು. ನಾನು ಇಲ್ಲ ಎನ್ನುವುದಕ್ಕಿದ್ದೆ. ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ನನ್ನ ಕಡೆ ನೋಡಿ ನಕ್ಕು, ಅವರಿಗೆ ಹೇಳಿದ.

"ಇಕಿ ನನ್ನ ತಂಗಿರಿ ಸಾಹೇಬ್ರ. ನರ್ಸ್ ಅದಾಳ. ಇಕಿ ಒಮ್ಮಿ ತಗೊಂಡಾಳ್ರಿ ನನ್ನ ಉಸಿರು."

ಡಾಕ್ಟರು ನನ್ನ ಕಡೆ ತಿರುಗಿ, ಆಗ ಏನು ಕೇಳಿಸಿತ್ತು ಸಿಸ್ಟರ್ ಎಂದು ಕೇಳಿದರು.